ಎರಡು ಬೆರಳು ಕ್ಲಚ್ಚಿನ ಮೇಲೆ

ಹೋದ ತಿಂಗಳು ಎರಡನೆಯ ಬಿ.ಎ. ತರಗತಿಗೆ ಪಂಪನನ್ನು ಪಾಠ ಹೇಳುತ್ತಿದ್ದೆ. ಕೃಷ್ಣನು ಕರ್ಣನಿಗೆ ಅವನ ಹುಟ್ಟಿನ ಗುಟ್ಟನ್ನು ತಿಳಿಸಿ ಪಾಂಡವರ ಕಡೆಗೆ ಕರೆಯುವ ಭಾಗ. ವರ್ಷ ವರ್ಷವೂ ಹೇಳುವ ಪಾಠವಾದರೂ ಆ ಜಾಗಕ್ಕೆ ಬಂದಾಗ ನನ್ನ ಗಂಟಲು ಸ್ವಲ್ಪ ಬಿಗಿಯುತ್ತದೆ. ಹುಡುಗರೂ ಆ ಹೊತ್ತಿಗೆ ಗಡಿಯಾರ ನೋಡುವುದನ್ನು ಬಿಟ್ಟಿರುತ್ತಾರೆ. ಅಂಥ ಸಮಯಕ್ಕೆ ಸರಿಯಾಗಿ ಕಾಲೇಜಿನ ಕಾಂಪೌಂಡಿನ ಆಚೆ ರಸ್ತೆಯಲ್ಲಿ ಒಂದು ಮೋಟಾರ್ ಸೈಕಲ್ಲು ಹೋಯಿತು. ನಾನು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ, ಕಿಟಕಿಯ ಕಡೆ ಕಿವಿಗೊಟ್ಟು, ನನಗೆ ತಿಳಿಯದೆಯೇ, "ಎಜ್ಡಿ. ಎಡಗಡೆಯ ಸೈಲೆನ್ಸರ್ ಸೋರುತ್ತಿದೆ" ಎಂದುಬಿಟ್ಟೆ.

ತರಗತಿಗೆ ತರಗತಿಯೇ ನಕ್ಕಿತು. ಕರ್ಣ, ಪಾಪ, ನಡುದಾರಿಯಲ್ಲಿ ನಿಂತ.

ಕನ್ನಡದ ಮೇಷ್ಟರಿಗೆ ಹಳಗನ್ನಡದ ಷಟ್ಪದಿಯೋ ಕಂದವೋ ಕಿವಿಯಲ್ಲಿ ಗುಂಯ್‌ಗುಡಬೇಕು, ಎರಡು ಸ್ಟ್ರೋಕಿನ ಎಂಜಿನ್ನಿನ ಸದ್ದಲ್ಲ. ಇದನ್ನು ನಾನು ಒಪ್ಪುತ್ತೇನೆ. ಆದರೆ ಛಂದಸ್ಸನ್ನು ಕಲಿಯುವುದಕ್ಕೆ ಆರೇಳು ವರ್ಷ ಮೊದಲೇ ನಾನು ಈ ಇನ್ನೊಂದು ಲಯವನ್ನು ಕಲಿತಿದ್ದೆ. ಕಲಿಸಿದವರು ನನ್ನ ಸೋದರಮಾವ.

ಮೈಸೂರಿನ ಹಳೆಯ ಬೀದಿಯೊಂದರಲ್ಲಿ, ಮನೆಯ ಹಿತ್ತಲಿಗೆ ತಗಡು ಹೊದಿಸಿ ಮಾಡಿಕೊಂಡಿದ್ದ ಷೆಡ್ಡಿನಲ್ಲಿ ಮಾವ ಮೋಟಾರ್ ಸೈಕಲ್ ರಿಪೇರಿ ಮಾಡುತ್ತಿದ್ದರು. ಮೈಸೂರು ಆಗ ಎರಡು ಸ್ಟ್ರೋಕಿನ ರಾಜಧಾನಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾಗಳನ್ನು, 1973ರಿಂದ ಎಜ್ಡಿಗಳನ್ನು ಹೊರಬಿಡುತ್ತಿತ್ತು. 1996ರಲ್ಲಿ ಅದು ಮುಚ್ಚಿತು. ನಮ್ಮ ಮಾವ ಆ ಕಾರ್ಖಾನೆಯವರಲ್ಲ. ಅಲ್ಲಿಂದ ಹೊರಬಂದ ಗಾಡಿಗಳು ಮುಪ್ಪಾದ ಮೇಲೆ ಇವರ ಹಿತ್ತಲಿಗೆ ಬರುತ್ತಿದ್ದವು, ಅಷ್ಟೆ. ಆದರೆ ಅವರ ಹೆಸರು ಮದರಾಸಿನ ಹತ್ತಿರದ ಶೋಲಾವರಂವರೆಗೆ ಗೊತ್ತಿತ್ತು. ಯುದ್ಧಕಾಲದ ಹಳೆಯ ವಿಮಾನದ ಹಾದಿಯ ಮೇಲೆ ಅಲ್ಲಿ ಪಂದ್ಯಗಳು ನಡೆಯುತ್ತಿದ್ದ ಕಾಲದಲ್ಲಿ, ಅಲ್ಲಿಗೆ ಹೋಗುವ ಹುಡುಗರು ತಮ್ಮ ಎಂಜಿನ್ನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಮಾವನ ಬಳಿಗೆ ತರುತ್ತಿದ್ದರು. ಸಿಲಿಂಡರನ್ನು ಲೇತಿನವನ ಬಳಿ ಬೋರ್ ಮಾಡಿಸಿ, ಪಿಸ್ಟನ್ನಿಗೂ ಅದಕ್ಕೂ ನಡುವೆ ಎಷ್ಟು ಸಂದು ಬಿಡಬೇಕೆಂಬ ಅಳತೆಯನ್ನು ಹಿಡಿಯುವುದರಲ್ಲಿ ಮಾವನ ಕೈಯನ್ನು ಮೀರಿದವರಿಲ್ಲ ಎಂಬ ಪ್ರತೀತಿ. ಕೂದಲೆಳೆಯಷ್ಟು ಹೆಚ್ಚಾದರೆ ಶಕ್ತಿ ಸೋರುತ್ತದೆ. ಅಷ್ಟೇ ಕಡಿಮೆಯಾದರೆ ಬಿಸಿಗೆ ಉಬ್ಬಿದ ಪಿಸ್ಟನ್ನು ಸಿಲಿಂಡರನ್ನು ಕಚ್ಚಿ ಹಿಡಿದುಬಿಡುತ್ತದೆ. ಗ್ಯಾರೇಜಿನವರು ಇದನ್ನೇ ಸೀಜ್ ಆಗುವುದು ಎನ್ನುತ್ತಾರೆ.

ಮಾವನಿಗೆ ಇಂಗ್ಲಿಷ್ ಬಾರದು. ಆದರೆ ಬಿಡಿಭಾಗ ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದಾಗಲೆಲ್ಲ ಅವೆನ್ಯೂ ರಸ್ತೆಗೂ ಹೋಗಿ, ಹಳೆಯ ಪುಸ್ತಕದ ರಾಶಿಯಲ್ಲಿ ಕೈಯಾಡಿಸಿ, ಸೀಮೆಯ ಮೋಟಾರ್ ಸೈಕಲ್ ಪತ್ರಿಕೆಗಳ ಕಟ್ಟನ್ನು ಹೊತ್ತು ತರುತ್ತಿದ್ದರು. ರಜೆಗೆ ಬಂದ ಹನ್ನೆರಡು ವರ್ಷದ ಸೋದರಳಿಯ ಇಂಗ್ಲಿಷ್ ಕಲಿಯುತ್ತಿದ್ದಾನೆಂದು ಗೊತ್ತಾದದ್ದೇ ತಡ, ನನ್ನನ್ನು ಒಂದು ಖಾಲಿ ಪೆಟ್ಟಿಗೆಯ ಮೇಲೆ ಕೂರಿಸಿ, "ಓದು, ಓದಿ ಕನ್ನಡದಲ್ಲಿ ಹೇಳು" ಎಂದರು. ನನ್ನ ಜೀವನದ ಮೊದಲ ಭಾಷಾಂತರ ಹೀಗೆ ಗ್ರೀಸಿನ ವಾಸನೆಯ ನಡುವೆ ನಡೆಯಿತು. ಎಷ್ಟೋ ಪದಗಳಿಗೆ ನನಗೆ ಅರ್ಥವೇ ತಿಳಿಯುತ್ತಿರಲಿಲ್ಲ. ನಾನು ಪದವನ್ನು ಹಾಗೆಯೇ ಓದುವುದು, ಮಾವ ಬಿಡಿಭಾಗವನ್ನು ಎತ್ತಿ ತೋರಿಸಿ "ಇದೋ" ಎನ್ನುವುದು. ಮುಂದೆ ವಿಶ್ವವಿದ್ಯಾನಿಲಯದಲ್ಲಿ ನಾನು ನೋಡಿದ ಎಷ್ಟೋ ಶಬ್ದಕೋಶಗಳಿಗಿಂತ ಈ ಪದ್ಧತಿ ಮೇಲು.

ಎರಡು ಸ್ಟ್ರೋಕು ಎಂದರೇನೆಂದು ಮಾವ ಹೇಳಿಕೊಟ್ಟದ್ದು ಊಟದ ಪಂಕ್ತಿಯ ಹೋಲಿಕೆಯಿಂದ. ನಾಲ್ಕು ಸ್ಟ್ರೋಕಿನ ಎಂಜಿನ್ನು ಮಡಿವಂತರ ಮನೆಯ ಊಟ. ಬಂದವರನ್ನು ಕೂರಿಸಿ, ಬಡಿಸಿ, ಉಣಿಸಿ, ಕಳಿಸಿ, ಎಲೆ ತೆಗೆದು ಸಾರಿಸಿದ ಮೇಲೆ ಮುಂದಿನ ಪಂಕ್ತಿ. ಎರಡು ಸ್ಟ್ರೋಕಿನದು ಜಾತ್ರೆಯ ಊಟ. ಉಂಡವರು ಏಳುವುದಕ್ಕೂ ಹೊಸಬರು ನುಗ್ಗುವುದಕ್ಕೂ ಒಂದೇ ಗಳಿಗೆ. ಹೊಸಬರ ನೂಕಿಗೇ ಉಂಡವರು ಹೊರಬೀಳಬೇಕು. ಅದಕ್ಕೇ ಇದಕ್ಕೆ ವಾಲ್ವುಗಳ ಗೊಡವೆ ಇಲ್ಲ, ಸಾಮಾನು ಕಡಿಮೆ, ತೂಕ ಕಡಿಮೆ. ಅದು ಎರಡು ಸುತ್ತಿಗೆ ಒಮ್ಮೆ ಉರಿದರೆ ಇದು ಸುತ್ತಿಗೊಮ್ಮೆ ಉರಿಯುತ್ತದೆ. "ಆದರೆ ನೂಕುನುಗ್ಗಲು ನೋಡು, ಹೊಸದಾಗಿ ಬಂದವರಲ್ಲೂ ನಾಲ್ಕು ಜನ ಉಣ್ಣದೇ ಹಿಂಬಾಗಿಲಿಂದ ಆಚೆ ಹೋಗಿಬಿಡ್ತಾರೆ. ಅದೇ ಪೆಟ್ರೋಲ್ ದಂಡ, ಅದೇ ಹೊಗೆ" ಎನ್ನುತ್ತಿದ್ದರು. ಇನ್ನೊಂದು ವಿಶೇಷವೆಂದರೆ, ಈ ಎಂಜಿನ್ನಿಗೆ ಬೇರೆ ಎಣ್ಣೆಯ ಕೊಳ ಇಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕಬೇಕು. ನಮ್ಮ ಮಾವನ ಲೆಕ್ಕ ಲೀಟರಿಗೆ 40 ಮಿಲಿಲೀಟರು. ಓದುಗರು ಈ ಲೆಕ್ಕವನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ಒಮ್ಮೆ ಮರೆತೆ.

ಪತ್ರಿಕೆಗಳ ಆ ರಾಶಿಯಿಂದ ಎದ್ದುಬಂದ ಗಾಡಿಗಳನ್ನು ನಾನು ಇವತ್ತಿಗೂ ಕಣ್ಣಾರೆ ಕಂಡಿಲ್ಲ. ಆದರೂ ಅವು ನನಗೆ ಬಂಧುಬಳಗದ ಹಾಗೆ. ಮೊದಲನೆಯದು ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಆಲ್ಫ್ರೆಡ್ ಸ್ಕಾಟ್ ಎಂಬಾತ ಮಾಡಿದ್ದು. ಎರಡು ಸಿಲಿಂಡರು, ಸುತ್ತ ನೀರು. 1912ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿ.ಟಿ. ಪಂದ್ಯವನ್ನು ಫ್ರಾಂಕ್ ಆಪಲ್‌ಬಿ ಈ ಗಾಡಿಯ ಮೇಲೆ ಗೆದ್ದ. ಆ ಪಂದ್ಯದಲ್ಲಿ ಎರಡು ಸ್ಟ್ರೋಕಿಗೆ ಅದೇ ಮೊದಲ ಜಯ. ಮರುವರ್ಷ ಟಿಮ್ ವುಡ್ ಮತ್ತೆ ಗೆದ್ದ. ಇಂಥ ಸ್ಕಾಟನು 1923ರಲ್ಲಿ ತೀರಿಕೊಂಡದ್ದು ಗಾಡಿಯಿಂದ ಬಿದ್ದಲ್ಲ, ಗುಹೆಗಳನ್ನು ಹೊಕ್ಕು ನೋಡುವ ಹವ್ಯಾಸದಿಂದ. ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದು ನ್ಯುಮೋನಿಯ ಹಿಡಿದು. ಇದನ್ನು ಓದಿದಾಗ ಅತ್ತೆ ಒಳಗಿನಿಂದ, "ತಲೆ ಒರೆಸಿಕೊಳ್ಳಿ ಅಂದರೆ ಯಾರು ಕೇಳ್ತಾರೆ" ಎಂದದ್ದು ನೆನಪಿದೆ.

ಆಮೇಲೆ ಜರ್ಮನಿಯ ಡಿ.ಕೆ.ಡಬ್ಲ್ಯು. ಸ್ಯಾಕ್ಸನಿಯ ಚೋಪೌ ಎಂಬ ಸಣ್ಣ ಊರಿನಲ್ಲಿ ಡೆನ್ಮಾರ್ಕಿನ ರಾಸ್ಮುಸೆನ್ ಎಂಬಾತ ಕಟ್ಟಿದ ಕಾರ್ಖಾನೆ. ಅವರ 250 ಸಿ.ಸಿ. ಪಂದ್ಯದ ಗಾಡಿಯಲ್ಲಿ, ಹೊಸ ಗಾಳಿಯನ್ನು ಒತ್ತಿ ತುಂಬುವುದಕ್ಕೆಂದೇ ಇನ್ನೊಂದು ಪಿಸ್ಟನ್ನು. 1938ರಲ್ಲಿ ಎವಾಲ್ಡ್ ಕ್ಲುಗೆ ಇದರ ಮೇಲೆ ಲೈಟ್‌ವೆಯ್ಟ್ ಟಿ.ಟಿ. ಗೆದ್ದ, ಟಿ.ಟಿ. ಗೆದ್ದ ಮೊದಲ ಜರ್ಮನ್ ಅವನೇ. ಅದರ ಅರಚಾಟ ಕಡಲು ದಾಟಿ ಇಂಗ್ಲೆಂಡಿನ ದಡಕ್ಕೂ ಕೇಳಿಸಿತೆಂದು ಒಂದು ದಂತಕಥೆ. ನಮ್ಮ ಪುರಾಣಗಳಲ್ಲಿ ಪಾಂಚಜನ್ಯಕ್ಕೆ ಇಷ್ಟು ರಿಯಾಯಿತಿ ಕೊಟ್ಟಿದ್ದೇವೆ, ಇದಕ್ಕೂ ಕೊಡೋಣ.

ಆದರೆ ಮಾವನ ದೇವರು ಬೇರೆ. ಯುದ್ಧವಾದ ಮೇಲೆ ಗಾಳಿಯನ್ನು ಒತ್ತಿ ತುಂಬುವ ಉಪಾಯವನ್ನು 1946ರಲ್ಲಿ ಪಂದ್ಯಗಳಿಂದ ನಿಷೇಧಿಸಿದರು. ಚೋಪೌ ಪೂರ್ವ ಜರ್ಮನಿಗೆ ಸೇರಿತು. ಕಾರ್ಖಾನೆಯ ಯಂತ್ರಗಳನ್ನು ರಷ್ಯದವರು ಪರಿಹಾರವೆಂದು ಬಿಚ್ಚಿ ಒಯ್ದರು. ಉಳಿದ ಗೋಡೆಗಳ ನಡುವೆ ಎಂ.ಜೆಡ್. ಎಂಬ ಗಾಡಿ ಹುಟ್ಟಿತು. ಅದರ ಪಂದ್ಯ ವಿಭಾಗವನ್ನು ವಹಿಸಿಕೊಂಡ ಎಂಜಿನಿಯರು ವಾಲ್ಟರ್ ಕಾಡೆನ್. ಹಣವಿಲ್ಲ, ಒಳ್ಳೆಯ ಲೋಹವಿಲ್ಲ, ಪಶ್ಚಿಮದ ಬಿಡಿಭಾಗ ಸಿಕ್ಕುವುದಿಲ್ಲ. ಈತ ಕೈಹಾಕಿದ್ದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ವಸ್ತುವಿಗೆ, ಹೊಗೆಯ ಕೊಳವೆಗೆ.

ಎಂಜಿನ್ನಿನಿಂದ ಹೊಗೆ ಹೊರಬೀಳುವಾಗ ಒಂದು ಅಲೆ ಕೊಳವೆಯಲ್ಲಿ ಓಡುತ್ತದೆ. ಕೊಳವೆ ಅಗಲವಾಗುತ್ತ ಹೋದರೆ ಆ ಅಲೆ ಹಿಂದಕ್ಕೆ ಒಂದು ಎಳೆತವನ್ನು ಕಳಿಸುತ್ತದೆ. ಅದು ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೆಲ್ಲ ಸೆಳೆದು, ಹೊಸ ಗಾಳಿಯನ್ನು ಒಳಗೆ ಕರೆಯುತ್ತದೆ. ಮುಂದೆ ಕೊಳವೆ ಕಿರಿದಾದರೆ ಅಲೆ ಬಡಿದು ಮರಳಿ ಬಂದು, ಉಣ್ಣದೆ ಹೊರಟ ಆ ನಾಲ್ಕು ಜನರನ್ನು ಒಳಕ್ಕೆ ತಳ್ಳುತ್ತದೆ. "ಹಿಂಬಾಗಿಲಲ್ಲಿ ಒಬ್ಬ ಜಟ್ಟೀನ ನಿಲ್ಲಿಸಿದ ಕಣೋ! ಅದೂ ಕಾಣಿಸದ ಜಟ್ಟಿ!" ಎಂದು ಮಾವ ತೊಡೆ ತಟ್ಟಿದ್ದರು. ಈ ಪ್ರತಿಧ್ವನಿಯ ಉಪಾಯವನ್ನು ಕಾಡೆನ್ ಒಬ್ಬನೇ ಮೊದಲು ಕಂಡವನಲ್ಲ. ಆದರೆ ಆಸಿಲೋಸ್ಕೋಪಿನ ಪರದೆಯ ಮೇಲೆ ಅಲೆಗಳನ್ನು ನೋಡಿ ನೋಡಿ, ಕೊಳವೆಯನ್ನು ಕೊಯ್ದು ಬೆಸೆದು, ಅದನ್ನು ಶಾಸ್ತ್ರವಾಗಿ ಮಾಡಿದವನು ಅವನು. ಜೊತೆಗೆ ಒಳಗೆ ಬರುವ ಗಾಳಿಗೆ ತಿರುಗುವ ತಟ್ಟೆಯ ಬಾಗಿಲು. ಅದನ್ನು ಡೇನಿಯಲ್ ಜಿಮ್ಮರ್‌ಮನ್ ಎಂಬ ಸವಾರನಿಂದ ಕಲಿತದ್ದು. 1961ರ ಹೊತ್ತಿಗೆ ಅವನ 125 ಸಿ.ಸಿ. ಎಂಜಿನ್ನು 25 ಕುದುರೆಗಳ ಶಕ್ತಿ ಕೊಟ್ಟಿತು. ಗಾಳಿಯನ್ನು ಒತ್ತಿ ತುಂಬದ ಯಾವ ಎಂಜಿನ್ನೂ ಅಲ್ಲಿಯವರೆಗೆ ಲೀಟರಿಗೆ 200 ಕುದುರೆಯ ಈ ಲೆಕ್ಕವನ್ನು ಮುಟ್ಟಿರಲಿಲ್ಲ.

ಆ ವರ್ಷವೇ ಆದ ಕಥೆಯನ್ನು ಮಾವ ನನ್ನಿಂದ ಎಷ್ಟು ಸಲ ಓದಿಸಿದರೋ ಲೆಕ್ಕವಿಲ್ಲ. ಕಾಡೆನ್ನನ ಗಾಡಿಯನ್ನು ಓಡಿಸುತ್ತಿದ್ದವನು ಅರ್ನ್‌ಸ್ಟ್ ಡೆಗ್ನರ್. ವಿಶ್ವ ಚಾಂಪಿಯನ್ ಪಟ್ಟ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. 1961ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಕ್ರಿಶ್ಚಿಯನ್‌ಸ್ಟಾಡಿನಲ್ಲಿ ಪಂದ್ಯ. ಬರ್ಲಿನ್ನಿನ ಗೋಡೆ ಎದ್ದು ಬರಿಯ ಒಂದು ತಿಂಗಳಾಗಿತ್ತು. ಪಂದ್ಯದಲ್ಲಿ ಡೆಗ್ನರನ ಎಂಜಿನ್ನು ಕೆಟ್ಟಿತು. ಅದೇ ಸಮಯಕ್ಕೆ ಅವನ ಹೆಂಡತಿಯನ್ನೂ ಮಕ್ಕಳನ್ನೂ ಯಾರೋ ಕಾರಿನ ಡಿಕ್ಕಿಯಲ್ಲಿ ಅಡಗಿಸಿ ಪಶ್ಚಿಮಕ್ಕೆ ಸಾಗಿಸಿದ್ದರು. ಡೆಗ್ನರ್ ತಂಡದ ಕಣ್ಣು ತಪ್ಪಿಸಿ ಡೆನ್ಮಾರ್ಕಿನ ಮಾರ್ಗವಾಗಿ ಪಾರಾದ; ಅಲ್ಲಿಂದ ಜಪಾನಿನ ಸುಜುಕಿ ಕಾರ್ಖಾನೆಗೆ. ಚೋಪೌ ವಿದ್ಯೆ ಅವನ ಜೊತೆಗೇ ಹೋಯಿತು. 1962ರಲ್ಲಿ 50 ಸಿ.ಸಿ. ವರ್ಗದಲ್ಲಿ ಸುಜುಕಿಯ ಮೇಲೆ ಕೂತು ಅವನು ವಿಶ್ವ ಚಾಂಪಿಯನ್ ಆದ.

"ತಪ್ಪೋ ಸರಿಯೋ, ಹೇಳು" ಎಂದು ಮಾವ ಕೇಳುತ್ತಿದ್ದರು. ನಾನು ಹುಡುಗಬುದ್ಧಿಯಲ್ಲಿ, "ಹೆಂಡತಿ ಮಕ್ಕಳನ್ನು ಕರೆದುಕೊಂಡು ಸ್ವತಂತ್ರವಾಗಿ ಬದುಕೋದು ತಪ್ಪೇ ಮಾವ?" ಎನ್ನುತ್ತಿದ್ದೆ. ಅವರು ಸ್ಪ್ಯಾನರನ್ನು ಒರೆಸುತ್ತ, "ಅದು ಸರಿ. ಆದರೆ ಆ ಮುದುಕನ ಮುಖಕ್ಕೆ ಹೇಳಿ ಹೋಗೋ ಹಾಗಿರಲಿಲ್ಲವಲ್ಲ" ಎನ್ನುತ್ತಿದ್ದರು. ಕಾಡೆನ್ನನಿಗೆ ಆಗ ನಲವತ್ತೆರಡು ವರ್ಷ. ಮಾವನ ಮನಸ್ಸಿನಲ್ಲಿ ಮಾತ್ರ ಅವನು ಯಾವಾಗಲೂ ಮುದುಕನೇ. ಡೆಗ್ನರನಿಗೂ ಮುಂದೆ ಸುಖ ಕಾದಿರಲಿಲ್ಲ. 1963ರಲ್ಲಿ ಜಪಾನಿನ ಸುಜುಕಾದಲ್ಲಿ ಬಿದ್ದು ಬೆಂಕಿಗೆ ಸಿಕ್ಕಿ ಮೈ ಮುಖ ಬೆಂದವು. 1983ರಲ್ಲಿ ಟೆನೆರಿಫ್ ದ್ವೀಪದಲ್ಲಿ ತೀರಿಕೊಂಡ. ಆ ಪಥದ ಒಂದು ತಿರುವಿಗೆ ಅವನ ಹೆಸರು ಉಳಿದಿದೆ. ಕಾಡೆನ್ ಊರು ಬಿಡಲಿಲ್ಲ, 1996ರಲ್ಲಿ ಹೋದ. ತರಗತಿಯಲ್ಲಿ ಕರ್ಣನು ಕೃಷ್ಣನಿಗೆ ಇಲ್ಲವೆನ್ನುವ ಜಾಗ ಬಂದಾಗ ನನ್ನ ಗಂಟಲು ಬಿಗಿಯುವುದಕ್ಕೆ ಪಂಪನೊಬ್ಬನೇ ಕಾರಣವಲ್ಲ.

ಜಪಾನಿನವರ ಕೈಗೆ ಬಿದ್ದ ವಿದ್ಯೆ ಎಲ್ಲಿಯವರೆಗೆ ಹೋಯಿತೆಂದರೆ, 1967ರ ಸುಜುಕಿ 50 ಸಿ.ಸಿ. ಗಾಡಿಗೆ ಎರಡು ಸಿಲಿಂಡರು, ಹದಿನಾಲ್ಕು ಗೇರು! ಒಂದೊಂದು ಸಿಲಿಂಡರಿನ ಪಾತ್ರ 25 ಸಿ.ಸಿ.; ಕೂಸಿಗೆ ಹಾಲು ಹಾಕುವ ಒಳಲೆಯಲ್ಲಿ ಹಿಡಿಯುವಷ್ಟು. ಅದು ನಿಮಿಷಕ್ಕೆ ಹದಿನೇಳು ಸಾವಿರಕ್ಕೂ ಮಿಕ್ಕಿ ಸುತ್ತುತ್ತಿತ್ತು. ಇಷ್ಟು ಗೇರು ಯಾಕೆಂದರೆ, ಆ ಪ್ರತಿಧ್ವನಿ ಒಂದು ಸಣ್ಣ ವೇಗದ ಅಂತರದಲ್ಲಿ ಮಾತ್ರ ಸರಿಯಾದ ಗಳಿಗೆಗೆ ಬಂದು ಸೇರುತ್ತದೆ. ಅದರ ಆಚೀಚೆ ಜಟ್ಟಿ ನಿದ್ದೆ ಹೋಗುತ್ತಾನೆ. ಮೂರು ಸಿಲಿಂಡರಿನದನ್ನೂ ಮಾಡಿದ್ದರಂತೆ, ಪಂದ್ಯಕ್ಕೆ ಇಳಿಯಲೇ ಇಲ್ಲ. 1969ರಿಂದ ಆ ವರ್ಗಕ್ಕೆ ಒಂದೇ ಸಿಲಿಂಡರು, ಆರೇ ಗೇರು ಎಂದು ಕಟ್ಟಳೆ ಬಂತು. ಮಾವನಿಗೆ ಆ ಕಟ್ಟಳೆಯ ಮೇಲೆ ಅಸಾಧ್ಯ ಕೋಪ. ನನಗೇನೋ, ಹದಿನಾಲ್ಕು ಗೇರುಗಳನ್ನು ಎಣಿಸುತ್ತ ಗಾಡಿ ಬಿಡುವುದಕ್ಕಿಂತ ರಗಳೆಯಲ್ಲಿ ಮಾತ್ರೆ ಎಣಿಸುವುದು ಕ್ಷೇಮವೆನಿಸುತ್ತದೆ.

ಇನ್ನು ಜಾವಾ. ನಮ್ಮ ಮೈಸೂರಿನ ಜಾವಾದ ತವರು ಚೆಕೊಸ್ಲೊವಾಕಿಯ. ಆ ತವರಿನವರು ಪಂದ್ಯಕ್ಕೆಂದು 350 ಸಿ.ಸಿ.ಯ ಒಂದು ವಿಚಿತ್ರ ಮಾಡಿದ್ದರು. ನಾಲ್ಕು ಸಿಲಿಂಡರು, ಎರಡು ಎರಡಾಗಿ ಕವಲೊಡೆದು, ಸುತ್ತ ನೀರು. ವೇಗಕ್ಕೆ ಕೊರತೆಯಿಲ್ಲ, ನಂಬಿಕೆಗೆ ಮಾತ್ರ ಅರ್ಹವಲ್ಲ. 1969ರಲ್ಲಿ ಇದನ್ನು ಬಿಲ್ ಐವಿ ಓಡಿಸಿದ. ಇಂಗ್ಲೆಂಡಿನ ಕುಳ್ಳ ಹುಡುಗ. ಎರಡು ವರ್ಷದ ಹಿಂದೆ 125 ಸಿ.ಸಿ.ಯಲ್ಲಿ ವಿಶ್ವ ಚಾಂಪಿಯನ್ ಆಗಿದ್ದವನು. ಹಾಕೆನ್‌ಹೈಮಿನಲ್ಲೂ ಅಸೆನ್ನಿನಲ್ಲೂ ಆ ಕಾಲದ ಅಜೇಯ ಅಗೊಸ್ಟಿನಿಯ ಹಿಂದೆಯೇ ಎರಡನೆಯವನಾಗಿ ಬಂದ. ಜುಲೈ 12, ಪೂರ್ವ ಜರ್ಮನಿಯ ಜಾಕ್ಸನ್‌ರಿಂಗಿನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಎಂಜಿನ್ನು ಸೀಜ್ ಆಯಿತು. ಎರಡು ಸ್ಟ್ರೋಕಿನ ಸವಾರರೆಲ್ಲ ಎಡಗೈಯ ಎರಡು ಬೆರಳನ್ನು ಕ್ಲಚ್ಚಿನ ಮೇಲೆ ಇಟ್ಟುಕೊಂಡೇ ಓಡಿಸುತ್ತಾರೆ. ಎಂಜಿನ್ನು ಕಚ್ಚಿದ ಕ್ಷಣದಲ್ಲೇ ಕ್ಲಚ್ಚು ಒತ್ತಿದರೆ ಹಿಂದಿನ ಚಕ್ರ ಬಿಡುಗಡೆಯಾಗುತ್ತದೆ, ಜೀವ ಉಳಿಯುತ್ತದೆ. ಐವಿಯ ಎಡಗೈ ಆ ಗಳಿಗೆಯಲ್ಲಿ ಮುಖದ ಕನ್ನಡಕವನ್ನೋ ಶಿರಸ್ತ್ರಾಣವನ್ನೋ ಸರಿಮಾಡಿಕೊಳ್ಳುತ್ತಿತ್ತು ಎನ್ನುತ್ತಾರೆ. ಅವನಿಗೆ ಇಪ್ಪತ್ತಾರು ವರ್ಷ. ಎರಡು ತಿಂಗಳ ಮೇಲೆ ಯುಗೊಸ್ಲಾವಿಯದ ಒಪಾತಿಯಾದಲ್ಲಿ ಗ್ರಾಸೆಟ್ಟಿ ಎಂಬ ಇಟಲಿಯವನು ಅದೇ ಮಾದರಿಯ ಗಾಡಿಯಲ್ಲಿ ಪಂದ್ಯ ಗೆದ್ದ.

ಇದನ್ನು ಓದಿ ಮುಗಿಸಿದ ದಿನ ಮಾವ ನನ್ನ ಎಡಗೈ ಹಿಡಿದು, ತೋರುಬೆರಳನ್ನೂ ನಡುಬೆರಳನ್ನೂ ಮುಟ್ಟಿ, "ಈ ಎರಡು ಯಾವಾಗಲೂ ಕ್ಲಚ್ಚಿನ ಮೇಲೆ. ದೇವರು ಎದುರಿಗೆ ಬಂದರೂ ಬಲಗೈಯಲ್ಲೇ ಮುಗಿ" ಎಂದರು.

1999. ನಾನು ಬಿ.ಎ. ಓದುತ್ತಿದ್ದೆ. ಮಾವ ತಮ್ಮ ಸ್ವಂತದ ಹಳೆಯ ಜಾವಾಕ್ಕೆ ಆಗಷ್ಟೇ ಬೋರ್ ಮಾಡಿಸಿ, ತಾವೇ ಅಳತೆ ಹಿಡಿದು, ಹೊಸ ಪಿಸ್ಟನ್ನು ಕೂರಿಸಿದ್ದರು. ಹೊಸ ಪಿಸ್ಟನ್ನಿನ ಗಾಡಿಯನ್ನು ಬಾಣಂತಿಯ ಹಾಗೆ ನೋಡಿಕೊಳ್ಳಬೇಕು. ಭಾನುವಾರ ಅದನ್ನು ನಿಧಾನವಾಗಿ ಓಡಿಸಿಕೊಂಡು ಬಾ ಎಂದು ನನಗೆ ಕೊಟ್ಟರು. ಬಂಕಿನಲ್ಲಿ ನಾಲ್ಕು ಲೀಟರು ಪೆಟ್ರೋಲು ಹಾಕಿಸಿದೆ. ಎಣ್ಣೆಯ ಕೈಪಂಪು ಬೇರೆ ಮೂಲೆಯಲ್ಲಿತ್ತು. ಅಷ್ಟರಲ್ಲಿ ಕಾಲೇಜಿನ ಗೆಳೆಯನೊಬ್ಬ ಸಿಕ್ಕಿದ, ನನ್ನ ಪದ್ಯವೊಂದು ಕಾಲೇಜಿನ ಸಂಚಿಕೆಯಲ್ಲಿ ಬಂದಿತ್ತು, ಅವನು ಹೊಗಳಿದ. ಹೊಗಳಿಕೆ ಕೇಳುತ್ತ ಕೇಳುತ್ತ ಕಿಕ್ ಹೊಡೆದು ಹೊರಟುಬಿಟ್ಟೆ. ಟ್ಯಾಂಕಿನ ತಳದಲ್ಲಿ ಹಳೆಯ ಮಿಶ್ರಣ ಸ್ವಲ್ಪ ಇತ್ತು, ಆದ್ದರಿಂದ ಗಾಡಿ ಕೂಡಲೇ ದೂರಲಿಲ್ಲ. ದಾರಿಯಲ್ಲಿ ಮಾವನ ಮಗನನ್ನು ಹಿಂದೆ ಕೂರಿಸಿಕೊಂಡೆ. ನನಗಿಂತ ಮೂರು ವರ್ಷ ಚಿಕ್ಕವನು. ಅಪ್ಪನ ಷೆಡ್ಡಿನಲ್ಲೇ ಬೆಳೆದು, ಪಂದ್ಯದ ಸವಾರನಾಗಬೇಕೆಂದು ಕನಸು ಕಾಣುತ್ತಿದ್ದವನು.

ಸಿದ್ಧಲಿಂಗಪುರ ದಾಟಿ ಶ್ರೀರಂಗಪಟ್ಟಣದ ಕಡೆಗೆ ಹೋಗುತ್ತಿದ್ದೆವು. ಗದ್ದೆಯ ಮೇಲೆ ಬೆಳ್ಳಕ್ಕಿಗಳ ಸಾಲು ಎದ್ದಿತು. "ನೋಡೋ" ಎಂದು ಎಡಗೈ ಎತ್ತಿ ತೋರಿಸಿದೆ. ಅಷ್ಟೆ. ಕೀಂಯ್ ಎಂದು ಒಂದು ಸದ್ದು. ಹಿಂದಿನ ಚಕ್ರ ಯಾರೋ ಹಿಡಿದು ನಿಲ್ಲಿಸಿದ ಹಾಗೆ ನಿಂತಿತು. ನನಗೆ ಮೊಣಕಾಲು ತರಚಿತು. ಅವನ ಎಡ ಮಣಿಕಟ್ಟು ಎರಡು ಕಡೆ ಮುರಿಯಿತು. ಟ್ಯಾಂಕಿನ ಮುಚ್ಚಳ ಕಳಚಿ ಪೆಟ್ರೋಲೆಲ್ಲ ಮಣ್ಣಿಗೆ ಹರಿದುಹೋಯಿತು. ಅದರ ಜೊತೆಗೆ ಸಾಕ್ಷಿಯೂ ಹರಿದುಹೋಯಿತೆಂದು ಆಗ ನನಗೆ ಹೊಳೆಯಲಿಲ್ಲ. ಎಣ್ಣೆಯನ್ನು ಮರೆತದ್ದು ನೆನಪಾದದ್ದೇ ಆಸ್ಪತ್ರೆಯ ಬೆಂಚಿನ ಮೇಲೆ.

ಮಾರನೆಯ ದಿನ ಮಾವ ಎಂಜಿನ್ನು ಬಿಚ್ಚಿದರು. ಪಿಸ್ಟನ್ನಿನ ಮೈಮೇಲೆ ಉದ್ದಕ್ಕೂ ಗೀರು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮನೆಯವರೆಲ್ಲರ ಎದುರಿಗೆ, "ಹುಡುಗಂದೇನೂ ತಪ್ಪಿಲ್ಲ. ಸಂದು ಕಡಿಮೆಯಾಯ್ತು. ನನ್ನ ಅಳತೆ ತಪ್ಪಿತು" ಎಂದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಅತ್ತೆ ಮೂಲೆಯಲ್ಲಿ ಅಳುತ್ತಿದ್ದರು. ಇವತ್ತು ಬೇಡ, ನಾಳೆ ಹೇಳೋಣ ಎಂದುಕೊಂಡೆ. ಮಾವ ಆ ಪಿಸ್ಟನ್ನನ್ನು ಷೆಡ್ಡಿನ ಕಿಟಕಿಯ ಮೇಲೆ ಇಟ್ಟರು.

ಅದಾದ ಮೇಲೆ ನಾನು ಗಾಡಿ ಮುಟ್ಟಲಿಲ್ಲ. ಭಯ. ಮಾವ ಇದನ್ನು ಕಂಡರು. ಆರು ತಿಂಗಳ ಮೇಲೆ ಎಲ್ಲಿಂದಲೋ ಒಂದು ಹಳೆಯ ಸೈಡ್‌ಕಾರನ್ನು ಸಂಪಾದಿಸಿ, ತಗಡು ತಟ್ಟಿ, ಬಣ್ಣ ಬಳಿದು, ಅದೇ ಜಾವಾಕ್ಕೆ ಜೋಡಿಸಿದರು. ನನ್ನನ್ನು ಸೀಟಿನ ಮೇಲೆ ಕೂರಿಸಿ, ತಾವು ಪಕ್ಕದ ತೊಟ್ಟಿಯಲ್ಲಿ ಮೊಣಕಾಲು ಮಡಿಸಿ ಕೂತು, "ಮೂರು ಚಕ್ರ ಬೀಳೋದಿಲ್ಲ, ಹೊರಡು" ಎಂದರು. ಮೂರು ಚಕ್ರವೂ ಬೀಳುತ್ತದೆ. ಸೈಡ್‌ಕಾರಿನ ಕಡೆಗೆ ತಿರುಗುವಾಗ ಅದರ ಚಕ್ರ ನೆಲ ಬಿಟ್ಟು ಏಳುತ್ತದೆ. ಆಗ ಮಾವ ತಮ್ಮ ಧಡೂತಿ ಮೈಯನ್ನು ಹೊರಕ್ಕೆ ಚಾಚಿ, "ಹೂಬರ್! ಹೂಬರ್!" ಎಂದು ಕೂಗುತ್ತಿದ್ದರು.

ಹೂಬರ್ ಯಾರೆಂದು ಹೇಳದಿದ್ದರೆ ಅನ್ಯಾಯವಾದೀತು. ಸೈಡ್‌ಕಾರ್ ಪಂದ್ಯಗಳಲ್ಲಿ 1954ರಿಂದ 1974ರವರೆಗೆ, ಎರಡು ವರ್ಷ ಬಿಟ್ಟರೆ, ವಿಶ್ವದ ಪಟ್ಟವೆಲ್ಲ ಬಿ.ಎಂ.ಡಬ್ಲ್ಯು.ವಿನದು, ನಾಲ್ಕು ಸ್ಟ್ರೋಕಿನ ಮಡಿವಂತರ ಮನೆ. ಅದನ್ನು ಒಡೆದದ್ದು ಒಂದು ದೋಣಿಯ ಎಂಜಿನ್ನು. ಪಶ್ಚಿಮ ಬರ್ಲಿನ್ನಿನ ಕೋನಿಗ್ ಎಂಬ ಕಂಪನಿ ದೋಣಿಗಳ ಹಿಂದೆ ಸಿಕ್ಕಿಸುವ ಮೋಟಾರುಗಳನ್ನು ಮಾಡುತ್ತಿತ್ತು. ಅದರ 500 ಸಿ.ಸಿ.ಯ, ನಾಲ್ಕು ಸಿಲಿಂಡರು ಎದುರುಬದುರು ಮಲಗಿದ, ಎರಡು ಸ್ಟ್ರೋಕಿನ ಎಂಜಿನ್ನನ್ನು ನ್ಯೂಜಿಲೆಂಡಿನ ಕಿಮ್ ನ್ಯೂಕೋಂಬ್ ಮೋಟಾರ್ ಸೈಕಲ್ಲಿಗೆ ಅಳವಡಿಸಿದ. 1973ರಲ್ಲಿ ಒಪಾತಿಯಾದಲ್ಲಿ ಗೆದ್ದ. ಆಗಸ್ಟಿನಲ್ಲಿ ಸಿಲ್ವರ್‌ಸ್ಟೋನಿನಲ್ಲಿ ಬಿದ್ದು ಸತ್ತ. ವರ್ಷದ ಕೊನೆಗೆ ಅಂಕ ಕೂಡಿಸಿದಾಗ ಸತ್ತವನು ಎರಡನೆಯವನಾಗಿದ್ದ. ಅದೇ ಎಂಜಿನ್ನನ್ನು ಸೈಡ್‌ಕಾರಿಗೆ ಹಾಕಿ 1975ರಲ್ಲೂ 1976ರಲ್ಲೂ ವಿಶ್ವ ಚಾಂಪಿಯನ್ ಆದವರು ರೋಲ್ಫ್ ಸ್ಟೈನ್‌ಹೌಸೆನ್ ಮತ್ತು ಯೋಸೆಫ್ ಹೂಬರ್. ಹೂಬರ್ ಪಕ್ಕದಲ್ಲಿ ಕೂರುವವನು. ಕೂರುವುದು ಎಂಬ ಮಾತು ತಪ್ಪು. ಅವನಿಗೆ ಸೀಟೇ ಇಲ್ಲ. ಒಂದು ಹಲಗೆ, ಎರಡು ಹಿಡಿ. ಒಂದು ತಿರುವಿಗೆ ಬೆನ್ನು ನೆಲಕ್ಕೆ ತಾಗುವಷ್ಟು ಹೊರಗೆ ತೂಗಬೇಕು, ಇನ್ನೊಂದಕ್ಕೆ ಹಿಂಬದಿಯ ಚಕ್ರದ ಮೇಲೆ ಒರಗಬೇಕು. ಅವನು ಗಾಡಿ ಓಡಿಸುವುದಿಲ್ಲ. ಆದರೆ ಅವನು ಒಂದು ಗಳಿಗೆ ತಡಮಾಡಿದರೆ ಓಡಿಸುವವನೂ ಇಲ್ಲ. ಪತ್ರಿಕೆಗಳಲ್ಲಿ ಅವನ ಹೆಸರು ಯಾವಾಗಲೂ ಎರಡನೆಯದು, ಎಷ್ಟೋ ಸಲ ಇಲ್ಲವೇ ಇಲ್ಲ. ಮಾವ ಮಾತ್ರ ಅವನದನ್ನೇ ಮೊದಲು ಓದಿಸುತ್ತಿದ್ದರು.

ಹೀಗೆ ಮಾವನನ್ನು ಪಕ್ಕದಲ್ಲಿಟ್ಟುಕೊಂಡು ಮೈಸೂರಿನ ಬೀದಿಗಳಲ್ಲಿ ನಾನು ಮತ್ತೆ ಧೈರ್ಯ ಕಲಿತೆ. ಹೇಳಬೇಕಾದ ಮಾತನ್ನು ಮಾತ್ರ ಹೇಳಲಿಲ್ಲ. ಎಂ.ಎ. ಆಯಿತು, ಕೆಲಸ ಸಿಕ್ಕಿತು, ಮದುವೆಯಾಯಿತು. ಮಾವನ ಮಗ ಸವಾರನಾಗಲಿಲ್ಲ, ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿದ್ದಾನೆ. ಅವನ ಎಡ ಮಣಿಕಟ್ಟು ಪೂರ್ತಿ ಬಾಗುವುದಿಲ್ಲ. ವಿಶ್ವದ ಪಂದ್ಯಗಳಲ್ಲಿ 2002ರಿಂದ ದೊಡ್ಡ ವರ್ಗಕ್ಕೆ ನಾಲ್ಕು ಸ್ಟ್ರೋಕು ಬಂತು. 2011ರ ಕೊನೆಗೆ 125 ಸಿ.ಸಿ. ವರ್ಗವೂ ಮುಗಿದು ಎರಡು ಸ್ಟ್ರೋಕಿನ ಕಥೆ ಅಲ್ಲಿ ಪೂರೈಸಿತು. 2018ರಲ್ಲಿ ಜಾವಾ ಹೆಸರು ನಮ್ಮ ದೇಶದಲ್ಲಿ ಮತ್ತೆ ಬಂದಾಗ ಅದರ ಹೊಟ್ಟೆಯಲ್ಲಿದ್ದದ್ದು ನಾಲ್ಕು ಸ್ಟ್ರೋಕು. ಮಾವನಿಗೆ ಅಷ್ಟು ಹೊತ್ತಿಗೆ ಕಿವಿ ಮಂದವಾಗಿತ್ತು. ಒಂದು ಆಯುಷ್ಯವೆಲ್ಲ ಆ ಸದ್ದಿಗೆ ಕೊಟ್ಟ ಕಿವಿ.

ಪಾಠದ ನಡುವೆ ಎಜ್ಡಿ ಹೋದ ಆ ವಾರವೇ, ಭಾನುವಾರ, ಅವರನ್ನು ನೋಡಲು ಹೋದೆ. ಎಂಬತ್ತೊಂದು ವರ್ಷ. ಷೆಡ್ಡನ್ನು ಖಾಲಿ ಮಾಡಬೇಕೆಂದು ಮಗನ ಒತ್ತಾಯ. ಬೆಂಗಳೂರಿನಿಂದ ಹಳೆಯ ಗಾಡಿಗಳ ಹವ್ಯಾಸಿಯೊಬ್ಬರು ಬಂದು ಸೈಡ್‌ಕಾರಿನ ಜಾವಾವನ್ನು ನೋಡುತ್ತಿದ್ದರು. ಅವರು ಕೂಗಿ ಕೇಳಿದರು: "ಎಂಜಿನ್ ಕೆಲಸ ನಿಮ್ಮದೇನಾ ಸಾರ್?"

"ಅಲ್ಲ. ಬೇರೆಯವರ ಹತ್ತಿರ ಮಾಡಿಸಿದ್ದು" ಎಂದರು ಮಾವ. "1999ರಿಂದ ಈಚೆಗೆ ನಾನು ಬೋರಿನ ಅಳತೆ ಹಿಡಿದಿಲ್ಲ. ಕೈ ತಪ್ಪಿತ್ತು."

ನಾನು ಇಷ್ಟು ದಿನ, ಕಣ್ಣು ಮಂಜಾದದ್ದಕ್ಕೆ ಪಂದ್ಯದ ಎಂಜಿನ್ನುಗಳನ್ನು ಬಿಟ್ಟರೆಂದು ತಿಳಿದಿದ್ದೆ. ಬಂದವರು ಹೋದ ಮೇಲೆ ಹತ್ತಿರ ಕೂತು, "ಮಾವ, ಆವತ್ತು ನಾನು ಎಣ್ಣೆ ಹಾಕಿಸಿರಲಿಲ್ಲ" ಎಂದೆ.

"ಏನು?"

"ಪೆಟ್ರೋಲಿಗೆ ಎಣ್ಣೆ ಬೆರೆಸಿರಲಿಲ್ಲ, ಮಾವ!"

"ಜೋರಾಗಿ ಹೇಳೋ."

ಪಿಸುಗುಟ್ಟಿ ಹೇಳಬೇಕೆಂದು ಕಾಲು ಶತಮಾನ ಕಾಯ್ದಿರಿಸಿದ್ದ ಮಾತನ್ನು ನಾನು ಓಣಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಬೇಕಾಯಿತು. ಎದುರು ಮನೆಯ ಹೆಂಗಸು ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ನೋಡಿದಳು. ಅತ್ತೆ ಒಳಗಿನಿಂದ ಬಾಗಿಲಿಗೆ ಬಂದು ನಿಂತರು.

ಮಾವ ಏನೂ ಅನ್ನಲಿಲ್ಲ. ಗೋಡೆ ಹಿಡಿದುಕೊಂಡು ಎದ್ದು, ಕಿಟಕಿಯ ಬಳಿಗೆ ಹೋಗಿ, ಧೂಳು ಹಿಡಿದ ಆ ಪಿಸ್ಟನ್ನನ್ನು ತೆಗೆದರು. ಪಂಚೆಯ ತುದಿಯಿಂದ ಒರೆಸಿದರು. ಬೆಳಕಿಗೆ ಹಿಡಿದು, ಗೀರುಗಳ ಮೇಲೆ ಹೆಬ್ಬೆರಳನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಆಡಿಸಿದರು.

"ಹಾಗಾದರೆ ನನ್ನ ಅಳತೆ ಸರಿಯಾಗೇ ಇತ್ತು ಅನ್ನು" ಎಂದರು.

ಅತ್ತೆ ಕಾಫಿ ತಂದುಕೊಟ್ಟರು. ಹೋದಾಗಲೆಲ್ಲ ನನ್ನ ಕೈಗೆ ಒಂದು ಹಳೆಯ ಪತ್ರಿಕೆಯನ್ನು ಕೊಟ್ಟು ಜೋರಾಗಿ ಓದಿಸುವುದು ಅವರ ರೂಢಿ. ಆವತ್ತು ಮಾವ ಏನನ್ನೂ ಓದಿಸಲಿಲ್ಲ.